ವಾಗ್ನರ್ ಅಂದ್ರೆ ನಮ್ಮ ಬಡಿಗೇರನೇನಾ?

ಕುಕನೂರ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆ ಕುಕನೂರು, ಅಡ್ಡಹೆಸರು ಬಡಿಗೇರ. ತೋರಣಗಲ್ಲು ಕಡೆ ಒಂದು ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಕೆಲಸ ಮಾಡುತ್ತೇನೆ. ಹೋದ ತಿಂಗಳು ಹೊಸ ಮಷಿನ್ ಕೂರಿಸಲು ಜರ್ಮನಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದಾರೆ. ಐವತ್ತರ ಆಸುಪಾಸಿನ ಮನುಷ್ಯ, ಹೆಸರು ವಾಗ್ನರ್. ನಮ್ಮ ಹುಡುಗರು ಮೊದಲ ದಿನವೇ ಅವರಿಗೆ ವ್ಯಾಗನ್ ಆರ್ ಅಂತ ಹೆಸರಿಟ್ಟರು, ಬೆನ್ನ ಹಿಂದೆ.

ಮೊನ್ನೆ ಚಹಾ ಕುಡಿಯುವಾಗ ನನ್ನ ಬ್ಯಾಡ್ಜ್ ನೋಡಿ ಬಡಿಗೇರ ಅಂದರೆ ಏನು ಅಂತ ಕೇಳಿದರು. ಮರದ ಕೆಲಸದವರು, ನಮ್ಮ ಅಜ್ಜ ಚಕ್ಕಡಿ ಗಾಲಿ ಮಾಡುತ್ತಿದ್ದರು ಅಂತ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಚಹಾ ಲೋಟ ಕೆಳಗಿಟ್ಟು ಜೋರಾಗಿ ನಕ್ಕರು. ನನ್ನ ಹೆಸರಿನ ಅರ್ಥವೂ ಅದೇ, ಬಂಡಿ ಮಾಡುವವನು ಅಂದರು. ಅಷ್ಟರಲ್ಲಿ ಪ್ಯಾನೆಲ್ ಟ್ರಿಪ್ ಆಯಿತು ಅಂತ ಕೂಗಿದರು, ಮಾತು ಅಲ್ಲಿಗೇ ನಿಂತಿತು.

ಈಗ ನನ್ನ ತಲೆಯಲ್ಲಿ ಇದೇ ಹುಳ. ನಿಜಕ್ಕೂ ಅಲ್ಲೂ ಕಸುಬಿನ ಮೇಲೆ ಅಡ್ಡಹೆಸರು ಇದೆಯಾ? ಇದ್ದರೆ ಅದು ನಮ್ಮ ಹಾಗೆ ಜಾತಿಯಾ? ವಾಗ್ನರ್ ಅನ್ನುವವರೆಲ್ಲ ಒಬ್ಬರಿಗೊಬ್ಬರು ಬೀಗರು ನೆಂಟರಾ? ಸಂಗೀತಗಾರ ವಾಗ್ನರ್ ಅಂತ ಒಬ್ಬರಿದ್ದರಲ್ಲ, ಅವರ ಹಿರಿಯರೂ ಬಂಡಿ ಮಾಡುತ್ತಿದ್ದರಾ? ಅವರನ್ನೇ ಕೇಳಬಹುದಿತ್ತು, ಆದರೆ ನಿಮ್ಮ ಜಾತಿ ಯಾವುದು ಅಂತ ಕೇಳಿದಂತೆ ಆಗುತ್ತದೆ ಅಂತ ಸುಮ್ಮನಾದೆ. ಗೊತ್ತಿದ್ದವರು ಹೇಳಿ.


ಸಿಂಧನೂರು ಟು ಸ್ಟುಟ್‌ಗಾರ್ಟ್:

ತಮ್ಮಾ, ಒಳ್ಳೆ ಪ್ರಶ್ನೆ ಕೇಳಿದ್ದೀಯ. ನಾನು ಆರು ವರ್ಷದಿಂದ ಇಲ್ಲೇ ಇದ್ದೇನೆ, ನಮ್ಮ ಆಫೀಸಿನ ಒಂದೇ ಮಹಡಿಯಲ್ಲಿ ಮೂರು ಜನ ವಾಗ್ನರ್ ಇದ್ದಾರೆ. ಮೂವರೂ ಒಬ್ಬರಿಗೊಬ್ಬರು ಏನೂ ಅಲ್ಲ. ಕೊರಿಯರ್ ಬಂದರೆ ಮಾತ್ರ ಕಷ್ಟ.

ನಿನ್ನ ಎಂಜಿನಿಯರ್ ಹೇಳಿದ್ದು ಸರಿ. ಜರ್ಮನ್‌ನಲ್ಲಿ ವಾಗನ್ ಅಂದರೆ ಬಂಡಿ, ಅದಕ್ಕೆ ಎರ್ ಸೇರಿದರೆ ಬಂಡಿ ಮಾಡುವವನು. ಆ ಎರ್ ನಮ್ಮ ಗಾರ ಇದ್ದ ಹಾಗೆ, ಹೂಗಾರ, ಬಳೆಗಾರ, ಚಿತ್ರಗಾರ ಅಂತೀವಲ್ಲ ಹಾಗೆ. ಫೋಕ್ಸ್‌ವಾಗನ್ ಕಾರಿನಲ್ಲಿ ಇರುವುದೂ ಇದೇ ವಾಗನ್, ಫೋಕ್ ಅಂದರೆ ಜನ, ಹಾಗಾಗಿ ಜನರ ಬಂಡಿ. ಹಳೆ ಕಾಲದಲ್ಲಿ ಬಂಡಿ ಹೊಡೆಯುವವನಿಗೂ ಇದೇ ಹೆಸರು ನಡೆಯುತ್ತಿತ್ತು, ಆಮೇಲಾಮೇಲೆ ಅವನಿಗೆ ಬೇರೆ ಹೆಸರುಗಳು ಬಂದವು. ನಿಮ್ಮ ಊರಲ್ಲಿ ಗಾಡಿ ವಾಟರ್ ಸರ್ವಿಸ್ ಮಾಡುವ ಅಂಗಡಿಯಲ್ಲಿ ಹಳದಿ ಬಣ್ಣದ ಕೆರ್ಶರ್ ಮಷಿನ್ ನೋಡಿರಬಹುದು. ಅದು ಮಾಲೀಕರ ಮನೆ ಹೆಸರು, ಅದರ ಅರ್ಥ ಬಂಡಿ ಹೊಡೆಯುವವನು!

ಈಗ ಈ ಹೆಸರು ಹೇಗೆ ಬಂತು ಅನ್ನುವುದಕ್ಕೆ ಬರೋಣ. ಸುಮಾರು 12ನೇ ಶತಮಾನದವರೆಗೆ ಅಲ್ಲಿ ಸಾಮಾನ್ಯ ಜನಕ್ಕೆ ಒಂದೇ ಹೆಸರು. ಹೈನ್ರಿಖ್, ಯೋಹಾನ್, ಕೊನ್ರಾಡ್, ಅಷ್ಟೇ. ಹಳ್ಳಿಯಲ್ಲಿ ಅದು ಸಾಕು. ಆದರೆ ರೈನ್ ನದಿ ದಂಡೆಯ ಕೊಲೋನ್‌ನಂಥ ಪೇಟೆಗಳು ಬೆಳೆದವು, ಒಂದೇ ಓಣಿಯಲ್ಲಿ ಹತ್ತು ಜನ ಹೈನ್ರಿಖ್ ಆದರು, ಕಂದಾಯ ಬರೆಯುವವನಿಗೆ, ಮನೆ ಖರೀದಿ ಪತ್ರ ಬರೆಯುವವನಿಗೆ ಯಾವ ಹೈನ್ರಿಖ್ ಅಂತ ತಿಳಿಯದೆ ತಲೆ ಕೆಟ್ಟಿತು. ಹಾಗಾಗಿ ಬಂಡಿ ಮಾಡುವ ಹೈನ್ರಿಖ್, ಗಿಡ್ಡ ಹೈನ್ರಿಖ್, ಬೆಟ್ಟದ ಮೇಲಿನ ಹೈನ್ರಿಖ್ ಅಂತ ಗುರುತು ಹಾಕಿಕೊಂಡರು. ಮೊದಮೊದಲು ಇದು ಆ ಮನುಷ್ಯನಿಗೆ ಮಾತ್ರ ಅಂಟಿದ ಗುರುತು. ಮಗ ರೊಟ್ಟಿ ಸುಟ್ಟರೆ ಅವನು ಬೆಕರ್ ಆಗುತ್ತಿದ್ದ, ವಾಗ್ನರ್ ಅಲ್ಲ. ಕಾಲ ಹೋದ ಹಾಗೆ ಗುರುತು ಮನೆಗೇ ಅಂಟಿತು, ಕಸುಬು ಬಿಟ್ಟರೂ ಹೆಸರು ಬಿಡಲಿಲ್ಲ. ಪೇಟೆಗಳಲ್ಲಿ ಬೇಗ, ಹಳ್ಳಿಗಳಲ್ಲಿ ನಿಧಾನ. 15–16ನೇ ಶತಮಾನದ ಹೊತ್ತಿಗೆ ಬಹಳ ಕಡೆ ಇದು ಗಟ್ಟಿಯಾಗಿತ್ತು.

ಬರೆಯುವುದು ಮಾತ್ರ ಗುಮಾಸ್ತನ ಕಿವಿಗೆ ಬಿದ್ದ ಹಾಗೆ. ಒಂದೇ ಮನೆಯವರನ್ನು ಚರ್ಚಿನ ಪುಸ್ತಕದಲ್ಲಿ ಒಮ್ಮೆ ವಾಗ್ನರ್, ಇನ್ನೊಮ್ಮೆ ವಾಗನರ್ ಅಂತ ಬರೆದಿರುತ್ತಾರೆ. ಬವೇರಿಯಾದಲ್ಲಿ 1677ರಲ್ಲಿ, ಪ್ರಷ್ಯಾದಲ್ಲಿ 1794ರಲ್ಲಿ ಮನಸ್ಸಿಗೆ ಬಂದಂತೆ ಅಡ್ಡಹೆಸರು ಬದಲಿಸಬಾರದು ಅಂತ ಕಾನೂನು ಮಾಡಿದರು. 1876ರಲ್ಲಿ ಇಡೀ ಜರ್ಮನಿಗೆ ಸರ್ಕಾರಿ ಜನನ-ಮರಣ ದಾಖಲೆ ಶುರುವಾಯಿತು, ಆಗ ಯಾರ ಹೆಸರು ಹೇಗೆ ಬರೆದಿತ್ತೋ ಹಾಗೇ ಕಲ್ಲಾಯಿತು.

ಈಗ ಜರ್ಮನಿಯಲ್ಲಿ ಅತಿ ಹೆಚ್ಚು ಇರುವ ಹೆಸರು ಮ್ಯೂಲರ್, ಅಂದರೆ ಹಿಟ್ಟಿನ ಗಿರಣಿಯವನು. ಆಮೇಲೆ ಶ್ಮಿಟ್ ಕಮ್ಮಾರ, ಶ್ನೈಡರ್ ದರ್ಜಿ, ಫಿಶರ್ ಮೀನುಗಾರ, ವೇಬರ್ ನೇಕಾರ. ವಾಗ್ನರ್ ಏಳನೇದು. ಮೊದಲ ಹತ್ತು ಹೆಸರೂ ಕಸುಬು ಇಲ್ಲವೇ ಊರಿನ ಅಧಿಕಾರದಿಂದಲೇ ಬಂದವು, ನಮ್ಮ ಕಡೆ ಗೌಡರು, ಕುಲಕರ್ಣಿ ಇದ್ದ ಹಾಗೆ ಅಲ್ಲಿ ಶುಲ್ಟ್ಸ್, ಮಾಯರ್.

ಸಂಗೀತಗಾರ ರಿಚರ್ಡ್ ವಾಗ್ನರ್ ಹುಟ್ಟಿದ್ದು 1813ರಲ್ಲಿ ಲೈಪ್‌ಸಿಗ್‌ನಲ್ಲಿ. ಅಪ್ಪ ಪೊಲೀಸ್ ಇಲಾಖೆಯಲ್ಲಿ ಗುಮಾಸ್ತ. ಅಂದರೆ ಅಷ್ಟು ಹೊತ್ತಿಗಾಗಲೇ ಆ ಮನೆಯಲ್ಲಿ ಮರ ಕೆತ್ತುವ ಬಾಚಿ ಹಿಡಿಯುವವರು ಇರಲಿಲ್ಲ.

ಜಾತಿಯಾ ಅಂತ ಕೇಳಿದ್ದೀಯಲ್ಲ, ಅಲ್ಲ. ಹೆಸರು ಗಟ್ಟಿಯಾದ ದಿನ ಆ ಮನೆಯ ಒಬ್ಬ ಹಿರಿಯ ಏನು ಮಾಡುತ್ತಿದ್ದ ಅನ್ನುವುದಕ್ಕೆ ಅದೊಂದು ಫೋಟೊ ಅಷ್ಟೇ. ಊರೂರಲ್ಲೂ ಬಂಡಿ ಮಾಡುವವನು ಇದ್ದ, ಊರೂರಲ್ಲೂ ಬೇರೆ ಬೇರೆ ವಾಗ್ನರ್ ಮನೆತನ ಹುಟ್ಟಿತು.


ಬಳ್ಳಾರಿ ಬಿಸಿಲು:

ವ್ಯಾಗನ್ ಆರ್ ಜೋಕ್ ನಾನೇ ಮೊದಲು ಹೇಳೋಣ ಅಂತ ಬಂದೆ, ಪ್ರಶ್ನೆಯಲ್ಲೇ ಮುಗಿಸಿಬಿಟ್ಟಿದ್ದೀರಿ, ಬೇಜಾರಾಯಿತು ಗುರೂ.

ನಾನು ಲಾರಿ ಬಾಡಿ ಕಟ್ಟುವವನು. ನಮ್ಮ ಅಪ್ಪನ ಕಾಲಕ್ಕೆ ಮರದ ಬಾಡಿ, ಈಗ ಎಲ್ಲ ಶೀಟು ಚಾನೆಲ್ಲು. ಅಪ್ಪನ ಜೊತೆ ಕೆಲಸ ಕಲಿತವರಲ್ಲಿ ಅರ್ಧ ಜನ ಬಂಡಿ ಗಾಲಿ ಬಿಟ್ಟು ಬಂದ ಬಡಿಗರೇ. ಟ್ರಾಕ್ಟರ್ ಬಂತು, ಟೈರಿನ ಬಂಡಿ ಬಂತು, ಮರದ ಗಾಲಿ ಯಾರಿಗೆ ಬೇಕು? ಜರ್ಮನಿಯಲ್ಲೂ ಹೀಗೇ ಆಗಿರಬೇಕಲ್ವಾ? ಗೊತ್ತಿದ್ದರೆ ಸಿಂಧನೂರಣ್ಣ ಹೇಳಲಿ.

ಇನ್ನೊಂದು ಕೇಳುವುದಿತ್ತು. ಕನ್ನಡ ನಿಘಂಟು ಬರೆದ ಕಿಟೆಲ್ ಸಾಹೇಬರು ಜರ್ಮನ್ ಅಲ್ವಾ, ಕಿಟೆಲ್ ಅನ್ನುವುದು ಯಾವ ಕಸುಬು?


ಸಿಂಧನೂರು ಟು ಸ್ಟುಟ್‌ಗಾರ್ಟ್:

ಹೌದು, ಥೇಟ್ ಹಾಗೇ ಆಯಿತು. ವಾಗ್ನರ್ ಬರೀ ಬಂಡಿ ಮಾಡುತ್ತಿರಲಿಲ್ಲ. ಏಣಿ, ಹಿಮದ ಮೇಲೆ ಎಳೆಯುವ ಜಾರುಬಂಡಿ, ನೇಗಿಲಿನ ಮರ, ಗುದ್ದಲಿ ಕಾವು ಎಲ್ಲ ಅವನದೇ. ನಮ್ಮ ಕಡೆ ಬಡಿಗ ಕುಂಟೆ, ಕೂರಿಗೆ, ರಂಟೆ ಮಾಡಿಕೊಟ್ಟ ಹಾಗೆ. ಗಾಲಿಯ ಒಂದೊಂದು ಭಾಗಕ್ಕೂ ಒಂದೊಂದು ಮರ ಆರಿಸುತ್ತಿದ್ದರು, ನಡುವಿನ ಗುಂಬಕ್ಕೆ ಸೀಳದಂಥ ಎಲ್ಮ್, ಅರೆಗಳಿಗೆ ಓಕ್. ಮರದ ಗಾಲಿ ಮುಗಿದ ಮೇಲೆ ಅದು ಶ್ಮಿಟ್ ಹತ್ತಿರ ಹೋಗಬೇಕು, ಅವನು ಕಬ್ಬಿಣದ ಬಳೆ ಕಾಯಿಸಿ ಹಾಕಿ ನೀರು ಹೊಯ್ದು ಬಿಗಿ ಮಾಡಬೇಕು. ಹಾಗಾಗಿ ಊರಲ್ಲಿ ವಾಗ್ನರ್ ಮತ್ತು ಶ್ಮಿಟ್ ಅಕ್ಕಪಕ್ಕವೇ ಇರುತ್ತಿದ್ದರು. 20ನೇ ಶತಮಾನದಲ್ಲಿ ಕಾರು ಬಂದ ಮೇಲೆ ಬಹಳ ಜನ ಕಾರು, ಲಾರಿಗಳ ಬಾಡಿ ಕಟ್ಟುವ ಕೆಲಸಕ್ಕೆ ಹೊರಳಿದರು. ಅಂದರೆ ನಿಜ ಹೇಳಬೇಕೆಂದರೆ ಇಲ್ಲಿ ಅಸಲಿ ವಾಗ್ನರ್ ನೀವೇ ಗುರೂ!

ಎಲ್ಲ ಕಡೆ ಇದೇ ಹೆಸರೂ ಅಲ್ಲ. ದಕ್ಷಿಣ ಮತ್ತು ನಡು ಜರ್ಮನಿಯಲ್ಲಿ ವಾಗ್ನರ್, ಉತ್ತರದಲ್ಲಿ ವೆಗ್ನರ್, ವಾಯವ್ಯದಲ್ಲಿ ಗಾಲಿ ಮಾಡುವವನು ಅನ್ನುವ ಅರ್ಥದ ರಾಡೆಮಾಖರ್, ಪೂರ್ವದ ಕಡೆ ಸ್ಟೆಲ್‌ಮಾಖರ್. ರೈನ್ ನದಿಯ ಕೆಳದಂಡೆಯಲ್ಲಿ ಎಸ್ಸರ್ ಅಂತಾರೆ, ಬಂಡಿಯ ಅಚ್ಚು ಮಾಡುವವನು. ಕಸುಬು ಒಂದೇ, ಊರು ಬದಲಾದರೆ ಹೆಸರು ಬೇರೆ. ಕುಂಬಾರನಿಗಂತೂ ಇನ್ನೂ ಜಾಸ್ತಿ: ತ್ಯೋಪ್ಫರ್, ಹಾಫ್ನರ್, ಒಯ್ಲರ್, ಎಲ್ಲವೂ ಕುಂಬಾರನೇ. ಹೆಸರು ಕೇಳಿದರೆ ಹಿರಿಯರು ಯಾವ ಸೀಮೆಯವರು ಅಂತ ಸ್ವಲ್ಪ ಊಹಿಸಬಹುದು, ನಮ್ಮಲ್ಲಿ ಪತ್ತಾರ ಅಂದರೆ ಉತ್ತರ ಕರ್ನಾಟಕ, ಆಚಾರ್ ಅಂದರೆ ದಕ್ಷಿಣ ಅಂತ ಹೇಳುವ ಹಾಗೆ.

ಕಿಟೆಲ್ ಅಂದರೆ ಜರ್ಮನ್‌ನಲ್ಲಿ ಕೆಲಸದವರು ಮೇಲೆ ಹಾಕಿಕೊಳ್ಳುವ ಸಡಿಲ ಅಂಗಿ. ಅದನ್ನು ಹೊಲಿಯುವವನಿಗೆ ಇಲ್ಲವೇ ಯಾವಾಗಲೂ ಅದನ್ನೇ ಹಾಕಿಕೊಂಡು ತಿರುಗುವವನಿಗೆ ಬಿದ್ದ ಹೆಸರು. ಸ್ವಾರಸ್ಯ ಏನೆಂದರೆ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಪೂರ್ವ ಫ್ರೀಸಿಯಾ ಅನ್ನುವ ಕಡಲ ಸೀಮೆಯಲ್ಲಿ. ಅಲ್ಲಿನ ಜನ ಅಡ್ಡಹೆಸರೇ ಬೇಡ ಅಂತ ಕೂತಿದ್ದರು, ಅಪ್ಪನ ಹೆಸರನ್ನೇ ಮಗನಿಗೆ ಸೇರಿಸಿಕೊಂಡು ತಲೆಮಾರಿಗೊಂದು ಹೆಸರು ಬದಲಿಸುತ್ತಿದ್ದರು. ಕಡೆಗೆ 1811ರಲ್ಲಿ ನೆಪೋಲಿಯನ್ ಆಡಳಿತ ಎಲ್ಲರೂ ಒಂದು ಕಾಯಂ ಅಡ್ಡಹೆಸರು ಇಟ್ಟುಕೊಳ್ಳಲೇಬೇಕು ಅಂತ ಹುಕುಂ ಮಾಡಿತು.


ಬಳ್ಳಾರಿ ಬಿಸಿಲು:

ಅಪ್ಪನ ಹೆಸರು ಸೇರಿಸಿಕೊಳ್ಳುವುದು ನಮ್ಮ ಬಳ್ಳಾರಿ ಪದ್ಧತಿ ಆಯಿತಲ್ಲ! ನಾವು 1953ರವರೆಗೆ ಮದ್ರಾಸ್ ಕಡೆ ಇದ್ದವರು, ನಮ್ಮಲ್ಲಿ ಜಾಸ್ತಿ ಜನಕ್ಕೆ ಇನಿಷಿಯಲ್ಲೇ ಗತಿ. ಕೊಪ್ಪಳ ರಾಯಚೂರಿನವರ ಹಾಗೆ ಉದ್ದ ಅಡ್ಡಹೆಸರು ನಮಗಿಲ್ಲ. ಪಾಸ್‌ಪೋರ್ಟ್ ಫಾರಂ ತುಂಬುವಾಗ ಸರ್‌ನೇಮ್ ಅನ್ನುವ ಜಾಗದಲ್ಲಿ ಏನು ಬರೆಯಬೇಕು ಅಂತ ನಾನು ಅರ್ಧ ಗಂಟೆ ಕೂತಿದ್ದೆ. ನಮಗೂ ಒಬ್ಬ ನೆಪೋಲಿಯನ್ ಬೇಕಿತ್ತು.


ಕಿನ್ನಾಳದಾಕೆ:

ನಾನು ಕಿನ್ನಾಳದವಳು, ಗೊಂಬೆ ಮಾಡುವ ಚಿತ್ರಗಾರರ ಮನೆ. ಸಿಂಧನೂರಣ್ಣ ಚೆನ್ನಾಗಿ ಬರೆದಿದ್ದೀರಿ. ಆದರೆ ಅಲ್ಲಿ ಹೆಸರು ಬರೀ ಫೋಟೊ, ಕಥೆ ಮುಗಿಯಿತು ಅಂತ ದಾಟಿಬಿಟ್ಟರಲ್ಲ, ಅಲ್ಲಿ ನನಗೆ ಸ್ವಲ್ಪ ತಡೆಯಿತು.

ನನ್ನ ಅಡ್ಡಹೆಸರು ಹೇಳಿದ ಕೂಡಲೇ ಎದುರಿನವರಿಗೆ ನನ್ನ ಊರು, ನಮ್ಮ ಮನೆ ಕೆಲಸ, ನಾವು ಯಾರಿಗೆ ಹೆಣ್ಣು ಕೊಡುತ್ತೇವೆ ತರುತ್ತೇವೆ ಎಲ್ಲ ಗೊತ್ತಾಗಿಬಿಡುತ್ತದೆ. ನಾನು ಗೊಂಬೆ ಮಾಡುವುದಿಲ್ಲ, ಬ್ಯಾಂಕಿನಲ್ಲಿ ಕೆಲಸ. ಆದರೂ ಹೊಸಬರು ಹೆಸರು ಕೇಳಿದ ಮೇಲೆ ಮನೆಗೊಂದು ಗೊಂಬೆ ಬೇಕಿತ್ತು ಅಂತಲೇ ಮಾತು ಶುರು ಮಾಡುತ್ತಾರೆ. ಇದು ನಮಗೆ ಹೆಮ್ಮೆಯೇ, ಇಲ್ಲ ಅನ್ನುವುದಿಲ್ಲ. ಹಗುರ ಮರ ತಂದು ಕೆತ್ತಿ, ಬಣ್ಣ ಹಾಕಿ ಗರುಡ, ಹನುಮಂತ ಮಾಡುವ ಕೈ ಎಲ್ಲರಿಗೂ ಬರುವುದಿಲ್ಲ. ಆದರೆ ಎಲ್ಲ ಕಸುಬಿನ ಹೆಸರಿಗೂ ಆ ಹೆಮ್ಮೆ ಸಿಕ್ಕಿಲ್ಲ. ನನ್ನ ಜೊತೆ ಓದಿದವಳೊಬ್ಬಳು ಅಡ್ಡಹೆಸರು ತೆಗೆಸಿ ಊರಿನ ಹೆಸರು ಹಾಕಿಸಿಕೊಂಡಳು, ಯಾಕೆ ಅಂತ ನಾವು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಜರ್ಮನಿಯಲ್ಲಿ ಇಂಥದ್ದು ಇರಲೇ ಇಲ್ಲವಾ?


ಸಿಂಧನೂರು ಟು ಸ್ಟುಟ್‌ಗಾರ್ಟ್:

ಅಕ್ಕಾ, ಸರಿಯಾಗಿ ಹಿಡಿದಿರಿ. ಅಲ್ಲೂ ಇತ್ತು. ಕಸುಬಿನವರ ಸಂಘಗಳು ಬಹಳ ಬಿಗಿಯಾಗಿದ್ದವು. ಗಲ್ಲಿಗೇರಿಸುವವನು, ಸತ್ತ ದನದ ಚರ್ಮ ಸುಲಿಯುವವನು, ಕೆಲವು ಸೀಮೆಗಳಲ್ಲಿ ಗಿರಣಿಯವನು ಮತ್ತು ನಾರುಬಟ್ಟೆ ನೇಯುವವನು ಕೂಡ, ಇವರನ್ನು ಮರ್ಯಾದೆ ಇಲ್ಲದ ಕಸುಬಿನವರು ಅಂತ ದೂರ ಇಟ್ಟಿದ್ದರು. ಇವರ ಮಕ್ಕಳನ್ನು ಬೇರೆ ಕಸುಬು ಕಲಿಯಲು ಸಂಘದವರು ಸೇರಿಸುತ್ತಿರಲಿಲ್ಲ. 1731ರಲ್ಲಿ ಸಾಮ್ರಾಜ್ಯದ ಕಾನೂನು ಬಂದು ಇದರಲ್ಲಿ ಬಹಳಷ್ಟನ್ನು ತೆಗೆದುಹಾಕಲು ನೋಡಿತು, ಆಗಲೂ ಚರ್ಮ ಸುಲಿಯುವವರನ್ನು ಹೊರಗೇ ಬಿಟ್ಟಿತು. ಗಿರಣಿಯವನನ್ನು ಕೀಳು ಅಂದವರ ನಾಡಿನಲ್ಲಿ ಇವತ್ತು ಎಲ್ಲಕ್ಕಿಂತ ಜಾಸ್ತಿ ಇರುವ ಹೆಸರು ಮ್ಯೂಲರ್, ಅದನ್ನು ಹೇಳಲು ಯಾರೂ ನಾಚುವುದಿಲ್ಲ.

ನಾನು ಹೇಳಲು ಹೊರಟಿದ್ದು, ಮೇಲೆ ಸರಿಯಾಗಿ ಹೇಳಲಿಲ್ಲ, ಇಷ್ಟೇ: ಅಲ್ಲಿ ತಾರತಮ್ಯ ಕಸುಬಿಗೆ ಅಂಟಿತ್ತು, ಹೆಸರಿಗೆ ಅಂಟಲಿಲ್ಲ. ಕಮ್ಮಾರನಾದ ವಾಗ್ನರ್, ದರ್ಜಿಯಾದ ಶ್ಮಿಟ್ ಅಲ್ಲಿ ಮಾಮೂಲಿ. ಕಸುಬು ಕಲಿತ ಹುಡುಗ ಕೆಲವು ವರ್ಷ ಊರೂರು ಅಲೆದು ಕೆಲಸ ಮಾಡಬೇಕು ಅನ್ನುವ ನಿಯಮವೂ ಇತ್ತು. ಬಡಗಿಗಳಲ್ಲಿ ಕೆಲವರು ಈಗಲೂ ಮೂರು ವರ್ಷ ಒಂದು ದಿನ ಹೋಗುತ್ತಾರೆ, ಅಗಲ ಪ್ಯಾಂಟು, ಕರಿ ಟೋಪಿ, ಕೈಯಲ್ಲೊಂದು ಕೋಲು, ನಾನೇ ರೈಲ್ವೆ ಸ್ಟೇಷನ್‌ನಲ್ಲಿ ನೋಡಿದ್ದೇನೆ. ಅಷ್ಟು ದಿನ ತಮ್ಮ ಊರಿನ 50 ಕಿಲೋಮೀಟರ್ ಒಳಗೆ ಕಾಲಿಡಬಾರದು. ಹಾಗೆ ಹೋದವರಲ್ಲಿ ಎಷ್ಟೋ ಜನ ಬೇರೆ ಊರಲ್ಲೇ ಮದುವೆಯಾಗಿ ನಿಂತರು. ನಮ್ಮ ಬಡಿಗ ಊರು ಬಿಟ್ಟು ಹೋದರೆ ಆಯ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ರೈತರು ಕೊಡುವ ಕಾಳು, ತಪ್ಪುತ್ತಿತ್ತು, ಅವನು ಎಲ್ಲಿ ಹೋಗಬೇಕು?


ರಾಯಚೂರು ಮೇಷ್ಟ್ರು:

ತಡವಾಗಿ ಬಂದೆ, ಕ್ಷಮಿಸಿ, ಪೇಪರ್ ತಿದ್ದುತ್ತಿದ್ದೆ.

ವಾಗ್ನರ್‌ಗೂ ನಮಗೂ ಇನ್ನೊಂದು ನಂಟಿದೆ, ಅದು ಯಾರ ಗಮನಕ್ಕೂ ಬಂದಂತಿಲ್ಲ. ಜರ್ಮನ್ ವಾಗನ್ ಮತ್ತು ನಾವು ದಿನಾ ಹೇಳುವ ವಾಹನ ಒಂದೇ ಬೇರಿನವು. ಸಂಸ್ಕೃತದ ವಹ್, ಅಂದರೆ ಹೊರು, ಒಯ್ಯು. ಸಂಸ್ಕೃತವೂ ಜರ್ಮನ್ನೂ ಒಂದೇ ದೊಡ್ಡ ಭಾಷಾ ಕುಟುಂಬದವು ಅಲ್ವಾ, ಬಂಡಿಯ ಮಾತುಗಳು ಎರಡೂ ಕಡೆ ಉಳಿದಿವೆ. ಜರ್ಮನ್‌ನಲ್ಲಿ ಗಾಲಿಗೆ ರಾಡ್, ಅದು ನಮ್ಮ ರಥದ ನೆಂಟ. ಅಚ್ಚಿಗೆ ಆಕ್ಸೆ, ಅದು ಸಂಸ್ಕೃತದ ಅಕ್ಷ. ಹಾಗಾಗಿ ಮೇಲೆ ಹೇಳಿದ ರಾಡೆಮಾಖರ್ ಒಂದು ಲೆಕ್ಕಕ್ಕೆ ನಮ್ಮ ರಥದವನೇ. ಗವಿಮಠದ ಜಾತ್ರೆಗೆ ಬಂದರೆ ತೇರು ತೋರಿಸೋಣ. ಬಂಡಿ ಅನ್ನುವ ಪದಕ್ಕೆ ಮಾತ್ರ ಅವರ ವಾಗನ್ ಜೊತೆ ಈ ನಂಟಿಲ್ಲ.

ಇನ್ನು ಬಡಿಗ ಅನ್ನುವುದು ಬಡಿ, ಅಂದರೆ ಹೊಡೆ, ಅನ್ನುವುದರಿಂದ ಬಂತು ಅಂತ ನಮ್ಮ ಕಡೆ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಒಪ್ಪಲಾಗದು. ಸಂಸ್ಕೃತದ ವರ್ಧಕಿ ಅನ್ನುವುದು ಪ್ರಾಕೃತದ ಮೂಲಕ ಇಳಿದು ನಮ್ಮಲ್ಲಿ ಬಡಗಿ ಆಯಿತು, ಹಿಂದಿಯವರಲ್ಲಿ ಬಢಯೀ ಆಯಿತು. ರಾಯಚೂರಿನ ಹಳೆ ಪೇಟೆಯಲ್ಲಿ ಉರ್ದು ಮಾತಾಡುವವರು ಬಢಯೀ ಅಂದಾಗ ಕಿವಿಗೊಟ್ಟು ಕೇಳಿ, ನಮ್ಮ ಬಡಗಿಯೇ ಕೇಳಿಸುತ್ತದೆ.

ಸಿಂಧನೂರಿನವರು ಗುಮಾಸ್ತನ ಕಿವಿ ಅಂದರಲ್ಲ, ಅದಕ್ಕೊಂದು ಮಾತು. ನಾನು ಮೂವತ್ತು ವರ್ಷ ಮಕ್ಕಳನ್ನು ಶಾಲೆಗೆ ಸೇರಿಸಿಕೊಂಡವನು. ಅಪ್ಪ ಬಂದು ಹೆಸರು ಹನುಮಂತ ಅನ್ನುತ್ತಾನೆ. ಅಡ್ಡಹೆಸರು ಏನಪ್ಪ ಅಂದರೆ ಸುಮ್ನೆ ನಿಲ್ಲುತ್ತಾನೆ. ಏನು ಕೆಲಸ ಮಾಡುತ್ತೀ ಅಂತ ಕೇಳಿ ನಾವೇ ಬರೆದುಬಿಡುತ್ತಿದ್ದೆವು. ಅದೇ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ, ಅದೇ ಆಧಾರ್‌ಗೆ. ಒಂದೇ ಮನೆಯ ಅಣ್ಣನಿಗೆ ಬಡಿಗೇರ, ತಮ್ಮನಿಗೆ ಬಡಿಗೇರ್, ಇನ್ನೊಬ್ಬನಿಗೆ ಬಡಗೇರ. ಈಗ ಹೊಲದ ಪಾಲಿಗೆ ಮೂರು ಅಫಿಡವಿಟ್. ನನ್ನ ಅಕ್ಷರವೂ ಅದರಲ್ಲಿ ಇರಬಹುದು, ಬೈಯಬೇಡಿ.


ಕುಕನೂರ ಹುಡುಗ:

ಮೇಷ್ಟ್ರೆ, ನಮ್ಮ ಮನೆಯಲ್ಲೂ ಹಾಗೇ ಆಗಿದೆ, ದೊಡ್ಡಪ್ಪನ ಹೆಸರು ಬೇರೆ ಥರ ಇದೆ. ಬೈಯುವುದಿಲ್ಲ ಬಿಡಿ.

ಎಲ್ಲರಿಗೂ ಬಹಳ ಧನ್ಯವಾದ. ಇದನ್ನೆಲ್ಲ ಓದಿಕೊಂಡು ನಿನ್ನೆ ವಾಗ್ನರ್ ಸರ್ ಹತ್ತಿರ ಧೈರ್ಯ ಮಾಡಿ ಮಾತಾಡಿದೆ. ವಾಹನದ ಸಂಬಂಧ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು, ವಾಹನ ವಾಹನ ಅಂತ ನಾಲ್ಕು ಸಲ ಹೇಳಿಕೊಂಡರು. ನಿಮ್ಮ ಅಜ್ಜ ಬಂಡಿ ಮಾಡುತ್ತಿದ್ದರಾ ಅಂತ ಕೇಳಿದೆ. ಇಲ್ಲವಂತೆ. ಅಜ್ಜ ಕ್ಷೌರದ ಅಂಗಡಿ ಇಟ್ಟಿದ್ದರಂತೆ, ಅದರ ಹಿಂದಿನವರು ದ್ರಾಕ್ಷಿ ಬೆಳೆಯುತ್ತಿದ್ದರಂತೆ. ಮನೆಯಲ್ಲಿ ಬಂಡಿ ಮಾಡಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಅಕ್ಕ ಹೇಳಿದ್ದು ನೆನಪಾಯಿತು. ನಮ್ಮಲ್ಲಿ ಬಡಿಗೇರ ಅನ್ನುವವರ ಅಜ್ಜ ಕ್ಷೌರ ಮಾಡುತ್ತಿದ್ದರು ಅಂದರೆ ಊರಲ್ಲಿ ಯಾರು ನಂಬುತ್ತಾರೆ?

ನಮ್ಮ ಅಜ್ಜ ಇದ್ದಾಗ ಮನೆ ಮುಂದೆ ಬೇವಿನ ಮರದ ಕೆಳಗೇ ಕಾರ್ಖಾನೆ. ಕಾರ ಹುಣ್ಣಿಮೆ ಹತ್ತಿರ ಬಂದರೆ ಕುಂಟೆ ಕೂರಿಗೆ ರಿಪೇರಿಗೆ ರೈತರು ಬೆಳಗಾಗುವ ಮುಂಚೆ ಬಂದು ಕೂರುತ್ತಿದ್ದರು. ದುಡ್ಡಿನ ಮಾತಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಜೋಳ. ಗಾಲಿಗೆ ಕರಿಜಾಲಿ ಮರವೇ ಆಗಬೇಕು, ಅದನ್ನು ಕಡಿದು ವರ್ಷಗಟ್ಟಲೆ ಒಣಗಿಸಿ ಇಡುತ್ತಿದ್ದರು. ಗಾಲಿಗೆ ಪಟ್ಟಾ ಹಾಕುವ ದಿನ ನಾವು ಹುಡುಗರು ಶಾಲೆ ತಪ್ಪಿಸುತ್ತಿದ್ದೆವು. ಕುಳ್ಳು ಸುತ್ತ ಒಟ್ಟಿ ಬೆಂಕಿ ಹಚ್ಚಿ, ಪಟ್ಟಾ ಕೆಂಪಗಾದ ಮೇಲೆ ಕಮ್ಮಾರ ಕಾಕಾ ಮತ್ತು ಅಜ್ಜ ಇಬ್ಬರೂ ಇಕ್ಕಳದಲ್ಲಿ ಹಿಡಿದು ಗಾಲಿಗೆ ಕೂರಿಸಿ, ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಆ ಸದ್ದು, ಆ ಹೊಗೆ. ಮರ ಕಟಕಟ ಅಂತ ಬಿಗಿಯುವುದು ಕೇಳಿಸುತ್ತಿತ್ತು. ಸಿಂಧನೂರಣ್ಣ ವಾಗ್ನರ್ ಮತ್ತು ಶ್ಮಿಟ್ ಅಕ್ಕಪಕ್ಕ ಇರುತ್ತಿದ್ದರು ಅಂತ ಬರೆದದ್ದು ಓದಿದಾಗ ಅದೇ ಕಣ್ಣ ಮುಂದೆ ಬಂತು.

ಅಜ್ಜನ ಬಾಚಿ ಇನ್ನೂ ಮನೆಯಲ್ಲಿದೆ. ಅಪ್ಪ ಅದನ್ನು ಆಯುಧ ಪೂಜೆಗೆ ಮಾತ್ರ ಇಳಿಸುತ್ತಾರೆ. ಭಾನುವಾರ ವಾಗ್ನರ್ ಸರ್ ನಮ್ಮೂರಿಗೆ ಬರುತ್ತೇನೆ ಅಂದಿದ್ದಾರೆ, ಅದನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕಂತೆ. ಅಪ್ಪನಿಗೆ ಫೋನ್ ಮಾಡಿ ಜರ್ಮನಿಯ ಬಡಿಗೇರ ಒಬ್ಬರು ಬರುತ್ತಿದ್ದಾರೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಅವರ ಕಡೆ ಗಾಲಿಗೆ ಯಾವ ಮರ ಹಾಕುತ್ತಾರೆ ಕೇಳು ಅಂದರು.